ಸೊನ್ನೆ ಕೊಟ್ಟ ಉತ್ತರ

1997ರ ಮಾತು. ನಾನಾಗ ಹಳ್ಳಿಯ ಪ್ರೌಢಶಾಲೆಯೊಂದಕ್ಕೆ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು. ಘರ್ಷಣೆಯ ಪಾಠ ಮುಗಿಸಿ, ಕಿರುಪರೀಕ್ಷೆಯಲ್ಲಿ ‘ಬೇರಿಂಗ್‌ನ ಉಪಯೋಗವೇನು?’ ಎಂದು ಕೇಳಿದ್ದೆ. ‘ಜಾರುವ ಘರ್ಷಣೆಯ ಬದಲು ಉರುಳುವ ಘರ್ಷಣೆ ಉಂಟಾಗಿ ಸವೆತ ಕಡಿಮೆಯಾಗುತ್ತದೆ’ ಎಂದು ನಾನು ಬರೆಸಿದ್ದನ್ನೇ ಎಲ್ಲರೂ ಒಪ್ಪಿಸಿದ್ದರು. ಒಬ್ಬ ಹುಡುಗ ಮಾತ್ರ, ‘ಸೈಕಲ್ಲಿನ ಮುಂದಿನ ಚಕ್ರಕ್ಕೆ 20 ಗುಂಡು, ಹಿಂದಿನದಕ್ಕೆ 18. ಹಿಂದಿನವು ದಪ್ಪ, ಅಲ್ಲಿ ಭಾರ ಜಾಸ್ತಿ’ ಎಂದು ಬರೆದಿದ್ದ. ಕೇಳಿದ್ದೇನು, ಬರೆದಿದ್ದೇನು! ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟೆ.

ಮುಂದಿನ ವಾರ ನನ್ನ ಸೈಕಲ್ ಕಟಕಟ ಎನ್ನತೊಡಗಿತು. ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದರೆ ರಿಪೇರಿಗೆ ಕುಳಿತವನು ಅದೇ ಹುಡುಗ. ಚಕ್ರ ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟ. ನಾನು ಸುಮ್ಮನೆ ಎಣಿಸಿದೆ. ಮುಂದಿನವು 20. ಹಿಂದಿನವು 17.

“ಒಂದು ಒಡೆದುಹೋಗಿದೆ ಸಾರ್, ಅದಕ್ಕೇ ಸದ್ದು” ಎಂದ. ಹೊಸ ಗುಂಡು ಹಾಕಿ, ಗ್ರೀಸ್ ತುಂಬಿ, ಕೋನ್ ತಿರುಗಿಸುತ್ತಾ, “ಬಿಗಿ ಮಾಡಿದ್ರೆ ತಿರುಗಲ್ಲ, ಸಡಿಲ ಬಿಟ್ರೆ ಅಲ್ಲಾಡುತ್ತೆ” ಎಂದೂ ಸೇರಿಸಿದ.

ಅಂಕ ತಿದ್ದಬೇಕೆನಿಸಿತು. ಪಟ್ಟಿ ಆಫೀಸಿಗೆ ಹೋಗಿಯಾಗಿದೆಯಲ್ಲ ಎಂದು ಸುಮ್ಮನಾದೆ. ಆ ವರ್ಷ ಅವನು ಫೇಲಾದ. ತಂದೆ ಶಾಲೆ ಬಿಡಿಸಿದರು.

ಈಗ ಅವನದು ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಘರ್ಷಣೆಯ ಪಾಠ ಬಂತೆಂದರೆ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತೇನೆ. ಸೀಲಿಂಗ್ ಫ್ಯಾನಿನ ಬೇರಿಂಗ್ ಮೇಲೆ 6202 ಎಂದಿದ್ದರೆ ಒಳವ್ಯಾಸ 15 ಮಿಲಿಮೀಟರ್ ಎಂದು ಅಳೆದು ತೋರಿಸುತ್ತಾನೆ. ಲಾರಿಯ ಚಕ್ರಕ್ಕೆ ಗುಂಡಿನ ಬದಲು ರೋಲರ್ ಏಕೆ? ಗುಂಡು ಚುಕ್ಕೆಯಷ್ಟು ಜಾಗದಲ್ಲಿ ಭಾರ ಹೊರುತ್ತದೆ, ರೋಲರ್ ಗೆರೆಯುದ್ದಕ್ಕೂ ಹೊರುತ್ತದೆ. ಮಿಕ್ಸಿ ಜಾರಿನಲ್ಲಿ ಗುಂಡೂ ಇಲ್ಲ, ರೋಲರೂ ಇಲ್ಲ, ಬರೀ ಬುಷ್; ಅದು ಸವೆದರೆ ಜಾರು ಸೋರುತ್ತದೆ. ನೀರು ತುಂಬಿದ ಸಬ್‌ಮರ್ಸಿಬಲ್ ಮೋಟಾರಿನ ಬೇರಿಂಗ್‌ಗೆ ನೀರೇ ಎಣ್ಣೆ. ಕೀ ಕೊಡುವ ಹಳೆಯ ಕೈಗಡಿಯಾರದ 17 ‘ಜ್ಯುವೆಲ್’ಗಳು ಅಲಂಕಾರಕ್ಕಲ್ಲ, ಬಹುಪಾಲು ಪುಟ್ಟ ಅಚ್ಚುಗಳು ಸವೆಯದೆ ತಿರುಗಲೆಂದು ಕೂರಿಸಿದ ಕೆಂಪು ಹರಳುಗಳು. ಅಜ್ಜಂದಿರು ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದುದೂ ಇದೇ ಪಾಠ.

ಪಾಲಕರಲ್ಲಿ ನನ್ನದೊಂದು ಮಾತು. ಮಗುವಿನ ಉತ್ತರ ನೋಟ್ಸಿನಲ್ಲಿಲ್ಲದಿದ್ದರೆ, ಬೈಯುವ ಮೊದಲು ‘ಇದನ್ನೆಲ್ಲಿ ನೋಡಿದೆ?’ ಎಂದು ಕೇಳಿ. ನಾನು ಕೇಳಲಿಲ್ಲ.

“ಇವರು ಎಲ್ಲಿ ಓದಿದ್ದು ಸಾರ್?” ಎಂದು ಮಕ್ಕಳು ವಿಚಾರಿಸುತ್ತಾರೆ. “ನಿಮ್ಮ ಶಾಲೇಲೇ, ಇದೇ ಸಾರ್ ಹತ್ರ” ಎನ್ನುತ್ತಾನೆ. ಸೊನ್ನೆಯ ವಿಷಯ ಅವನು ಎತ್ತುವುದಿಲ್ಲ. ಅದನ್ನು ನಾನೇ ಹೇಳುತ್ತೇನೆ.