ಅಪ್ಪನ ಒಂದು ‘ಸಿಕ್ರೆ’

2016ರ ಮಳೆಗಾಲ. ಇಂಜಿನಿಯರಿಂಗ್ ಕೊನೇ ವರ್ಷ. ಹಾಸ್ಟೆಲ್ ರೂಮಿನ ಗೋಡೆ ತುಂಬ ಹಳದಿ ಚೀಟಿಗಳು, ಒಂದೊಂದರ ಮೇಲೂ ಒಂದು ಇಂಗ್ಲಿಷ್ ಪದ. ಅಮೆರಿಕದಲ್ಲಿ ಎಂ.ಎಸ್. ಮಾಡೋ ಆಸೆಗೆ ಜಿಆರ್‌ಇ ಬರೆಯೋಕೆ ಹೊರಟಿದ್ದೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗಣಿತದ ಭಯ ಇರಲಿಲ್ಲ, ವರ್ಬಲ್ ಅಂದ್ರೆ ಮಾತ್ರ ಹೊಟ್ಟೇಲಿ ತಳಮಳ.

ಸೀನಿಯರ್ ಒಬ್ಬರು ಬಿಟ್ಟುಹೋದ ಬ್ಯಾರನ್ಸ್ ಪುಸ್ತಕ ಇತ್ತು, ಮೂರೂವರೆ ಸಾವಿರ ಪದಗಳ ಪಟ್ಟಿ ಇದ್ದ ಹಳೇ ಪ್ರತಿ. 2011ರಲ್ಲಿ ಪರೀಕ್ಷೆ ಬದಲಾಗಿ, ವಿರುದ್ಧಪದ ಕೇಳೋದೇ ನಿಂತುಹೋಗಿತ್ತು. ಬದಲಿಗೆ ಒಂದು ವಾಕ್ಯ, ಆರು ಪದ. ವಾಕ್ಯಕ್ಕೆ ಒಂದೇ ಅರ್ಥ ಕೊಡೋ ಎರಡನ್ನು ಆರಿಸಬೇಕು. ಒಂದು ಸರಿ, ಒಂದು ತಪ್ಪಾದ್ರೆ ಅರ್ಧ ಮಾರ್ಕ್ಸೂ ಇಲ್ಲ. ಬರೀ ಬಾಯಿಪಾಠ ಸಾಲದು, ಅಕ್ಕಪಕ್ಕದ ಪದಗಳ ಕೂದಲೆಳೆ ವ್ಯತ್ಯಾಸ ಗೊತ್ತಿರಬೇಕು.

ಹಾಗೆ ಸಿಕ್ಕಿದ್ದು ‘ಲಕಾನಿಕ್’. ನಾಲ್ಕು ಮಾತಿನ ಕಡೆ ಒಂದೇ ಮಾತಲ್ಲಿ ಮುಗಿಸುವವನು. ಪಕ್ಕದಲ್ಲೇ ‘ಟ್ಯಾಸಿಟರ್ನ್’, ಸ್ವಭಾವದಲ್ಲೇ ಮಾತು ಕಡಿಮೆ. ಆಮೇಲೆ ‘ರೆಟಿಸೆಂಟ್’, ಮನಸ್ಸಿನಲ್ಲಿರೋದನ್ನ ಹೊರಗೆ ಬಿಡದವನು. ಮೂರೂ ಕಲಸುಮೇಲೋಗರ. ಕೊನೆಗೆ ರೂಮ್‌ಮೇಟ್ ಅಂದ, “ಲೆಕ್ಕ ಹಾಕಿ ಮಾತಾಡೋನು ಲಕಾನಿಕ್ ಕಣೋ.” ಪದ ತಲೇಲಿ ಕೂತುಬಿಡ್ತು.

ಅದರ ಹಿಂದಿನ ಕತೆ ಇನ್ನೂ ಚೆನ್ನಾಗಿದೆ. ಲಕೋನಿಯಾ ಅಂದ್ರೆ ಗ್ರೀಸ್‌ನಲ್ಲಿ ಸ್ಪಾರ್ಟಾ ಇದ್ದ ಪ್ರಾಂತ್ಯ. ಅಲ್ಲಿನವರು ಮಾತಿನಲ್ಲಿ ಮಹಾ ಜಿಪುಣರು. ಅಲೆಕ್ಸಾಂಡರನ ಅಪ್ಪ ಫಿಲಿಪ್, ‘ನಾನು ಲಕೋನಿಯಾಕ್ಕೆ ನುಗ್ಗಿದರೆ ನಿಮ್ಮನ್ನು ನಿರ್ನಾಮ ಮಾಡ್ತೀನಿ’ ಅಂತ ಬೆದರಿಸಿದನಂತೆ. ಸ್ಪಾರ್ಟಾದವರು ಒಂದೇ ಪದ ಬರೆದು ಕಳಿಸಿದರು, ಇಂಗ್ಲಿಷಿನ ‘ಇಫ್’ಗೆ ಸಮನಾದ ಗ್ರೀಕ್ ಪದ. ನಮ್ಮ ಕನ್ನಡದಲ್ಲಾದರೆ ಅದಕ್ಕೆ ಬೇರೆ ಪದವೂ ಬೇಡ, ಕ್ರಿಯಾಪದದ ಬಾಲಕ್ಕೊಂದು ‘ರೆ’ ಸಾಕು. ‘ನುಗ್ಗಿದರೆ.’

ನಮ್ಮಪ್ಪನದ್ದು ತಿಪಟೂರಿನ ಕಡೆ ಒಂದು ತೆಂಗಿನ ತೋಟ. ಫೋನಿನಲ್ಲಿ ಅವರದ್ದು ಮೂರೇ ಮಾತು: “ಊಟ ಆಯ್ತಾ? ದುಡ್ಡಿದ್ಯಾ? ಇಡ್ಲಾ?” ಟ್ಯಾಸಿಟರ್ನ್ ಚೀಟಿಯ ಕೆಳಗೆ ಉದಾಹರಣೆ ಅಂತ ‘ಅಪ್ಪ’ ಎಂದೇ ಬರೆದಿದ್ದೆ.

ಪರೀಕ್ಷೆಗೆ ವಾರ ಇರುವಾಗ ಊರಿಗೆ ಹೋಗಿದ್ದೆ. ಅಪ್ಪ ಹಿತ್ತಲಲ್ಲಿ ಕಾಯಿ ಸುಲೀತಿದ್ರು. “ಸೀಟು ಸಿಕ್ರೆ ಅಮೆರಿಕಕ್ಕೆ ಹೋಗ್ತೀನಪ್ಪ” ಅಂದೆ. ಅವರು ತಲೆ ಎತ್ತಲಿಲ್ಲ.

“ಸಿಕ್ರೆ” ಅಂದ್ರು.

ಅಷ್ಟೇ. ಸ್ಪಾರ್ಟಾದವರ ಅದೇ ವ್ಯಂಗ್ಯ ನನಗೆ ಕೇಳಿಸಿತು. ನಿನಗೆಲ್ಲಿ ಸಿಗುತ್ತೆ ಅಂತ. ವಾಪಸ್ ಬಸ್ಸಿನಲ್ಲಿ ಉರಿದುಹೋಗಿದ್ದೆ.

ಪರೀಕ್ಷೆಯಲ್ಲಿ ಲಕಾನಿಕ್ ಬರಲೇ ಇಲ್ಲ ಅನ್ನಿ. ಎರಡು ಕಡೆ ಅಡ್ಮಿಷನ್ ಸಿಕ್ಕಿತು, ಸ್ಕಾಲರ್‌ಶಿಪ್ ಸಿಗಲಿಲ್ಲ. ಅಷ್ಟೊತ್ತಿಗೆ ಕ್ಯಾಂಪಸ್‌ನಲ್ಲಿ ಕೆಲಸ ಆಗಿತ್ತು. ದುಡ್ಡಿನ ವಿಷಯ ಅಪ್ಪನ ಹತ್ರ ಎತ್ತಲೇ ಇಲ್ಲ. “ಹೋಗಲ್ಲ” ಅಂದೆ. “ಸರಿ” ಅಂದ್ರು. ಎತ್ತದೇ ಇದ್ದದ್ದಕ್ಕೆ ಆ ‘ಸಿಕ್ರೆ’ಯೇ ಕಾರಣ. ಈಗ ಒಪ್ಪಿಕೊಳ್ಳೋಕೆ ನಾಚಿಕೆ.

ಹೋದ ವರ್ಷ ತೋಟದ ಖಾತೆ ವಿಷಯಕ್ಕೆ ಹಳೇ ಟ್ರಂಕ್ ತೆಗೆದಿದ್ದೆ. ತಳದಲ್ಲೊಂದು ಪ್ಲಾಸ್ಟಿಕ್ ಕವರ್. ಒಳಗೆ ತೋಟದ ಪಹಣಿ, ಅದರ ಜೊತೆ ಬ್ಯಾಂಕಿನ ಶಿಕ್ಷಣ ಸಾಲದ ಅರ್ಜಿ. ನನ್ನ ಹೆಸರು, ಹುಟ್ಟಿದ ದಿನ, ಕಾಲೇಜು, ಎಲ್ಲ ಅಪ್ಪನ ಗುಂಡಗಿನ ಅಕ್ಷರದಲ್ಲಿ. ಸಹಿ ಕೂಡ ಹಾಕಿಟ್ಟಿದ್ದರು. ಪಹಣಿಯ ಮೇಲಿದ್ದ ತಾರೀಖು ನೋಡಿದೆ, ಬೆರಳಲ್ಲಿ ಎಣಿಸಿದೆ. ಹಿತ್ತಲಲ್ಲಿ ಆ ಮಾತು ಆಡೋಕೆ ನಾಲ್ಕು ದಿನ ಮೊದಲು.

ಕವರ್ ಹಿಡ್ಕೊಂಡು ಜಗುಲಿಗೆ ಬಂದೆ. ಅಪ್ಪ ಕಾಫಿ ಕುಡೀತಿದ್ರು.

“ಇದೇನಪ್ಪ?”

“ಹಳೇದು. ಬಿಸಾಕು.”

“ಆವಾಗ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?”

ಅಪ್ಪ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ್ರು.

“ಹೇಳಿದ್ರೆ?”