ಕಡಲ ಹಾದಿಗೆ ಎಂಟು ಗೋಡೆಗಳು

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಿಂದ ಪೂರ್ವಕ್ಕೆ ಸುಮಾರು 64 ಕಿ.ಮೀ. ಸಾಗಿದರೆ ಕೊಲಂಬಿಯಾ ನದಿಗೆ ಅಡ್ಡಲಾಗಿ ನಿಂತ ಬಾನವಿಲ್ ಅಣೆಕಟ್ಟು ಎದುರಾಗುತ್ತದೆ. ಇಲ್ಲಿ ಮೀನುಗಳಿಗೆಂದೇ ಕಟ್ಟಿದ ಮೆಟ್ಟಿಲುಗಳಿವೆ. ಮೊಟ್ಟೆಯಿಡಲು ಕಡಲಿನಿಂದ ತವರಿಗೆ ಮರಳುವ ಸಾಲ್ಮನ್ ಮೀನುಗಳು ಮೆಟ್ಟಿಲೇರುವುದನ್ನು ಪ್ರವಾಸಿಗರು ಗಾಜಿನ ಕಿಟಕಿಯ ಮೂಲಕ ಬೆರಗಿನಿಂದ ನೋಡುತ್ತಾರೆ. ಏರುವ ಮೀನುಗಳ ಎಣಿಕೆ 1938ರಿಂದಲೂ ನಡೆದಿದೆ. ಆದರೆ ಇದು ಅರ್ಧ ಕಥೆ ಮಾತ್ರ. ಉಳಿದರ್ಧ, ಇದೇ ನದಿಯಲ್ಲಿ ಕಡಲಿನತ್ತ ಇಳಿಯುವ ಬೆರಳುದ್ದದ ಮರಿಗಳದು.

ಆ ಮರಿಗಳ ತವರುಗಳಲ್ಲೊಂದು ಐಡಹೊ ರಾಜ್ಯದ ರೆಡ್‌ಫಿಶ್ ಸರೋವರ. ಕಡಲಿನಿಂದ ಸುಮಾರು 1,450 ಕಿ.ಮೀ. ದೂರ, 2,000 ಮೀಟರ್ ಎತ್ತರ. ಮರಳಿ ಬರುವ ಸಾಕೈ ಜಾತಿಯ ಸಾಲ್ಮನ್‌ಗಳ ಕೆಂಪು ಬಣ್ಣದಿಂದಲೇ ಸರೋವರಕ್ಕೆ ಈ ಹೆಸರು. ಒಂದೆರಡು ವರ್ಷ ಇಲ್ಲಿ ಬೆಳೆದ ಮರಿಗಳು ವಸಂತದಲ್ಲಿ ಹಿಮ ಕರಗಿ ಹೊಳೆ ತುಂಬಿದಾಗ ಹೊರಡುತ್ತವೆ. ಆಗ ಅವುಗಳ ಮೈ ಬೆಳ್ಳಿಯಂತೆ ಹೊಳೆಯುತ್ತದೆ. ಕಿವಿರುಗಳು ಉಪ್ಪನ್ನು ಹೊರಹಾಕಲು ಅಣಿಯಾಗುತ್ತವೆ. ಈ ಸಿದ್ಧತೆಗೆ ಅವಧಿಯಿದೆ. ತಡವಾದರೆ ದೇಹ ಮತ್ತೆ ಸಿಹಿನೀರಿನ ಬಾಳಿಗೇ ಹೊರಳತೊಡಗುತ್ತದೆ.

ತಡವಾಗುವುದು ಇಲ್ಲಿಯೇ. ಸ್ನೇಕ್ ನದಿಯಲ್ಲಿ ನಾಲ್ಕು, ಕೊಲಂಬಿಯಾದಲ್ಲಿ ನಾಲ್ಕು, ಒಟ್ಟು ಎಂಟು ಅಣೆಕಟ್ಟುಗಳನ್ನು ಈ ಮರಿಗಳು ದಾಟಬೇಕು. ಹಿಂದೆ ರಭಸದ ಹೊನಲೇ ಅವುಗಳನ್ನು ಕಡಲಿಗೆ ಒಯ್ಯುತ್ತಿತ್ತು. ಜಲಾಶಯದಲ್ಲಾದರೋ ನೀರಿಗೆ ಓಟವಿಲ್ಲ. ಮರಿಗಳು ತಾವೇ ಈಜಿ ಶಕ್ತಿ ಕಳೆದುಕೊಳ್ಳುತ್ತವೆ. ಬಿಸಿಲಿಗೆ ನೀರು ಬೆಚ್ಚಗಾಗುತ್ತದೆ. ನಿಂತ ನೀರಿನಲ್ಲಿ ಹೊಂಚುಹಾಕುವ ದೊಡ್ಡ ಮೀನುಗಳಿಗೂ ಹಕ್ಕಿಗಳಿಗೂ ಅವು ಸುಲಭದ ತುತ್ತು.

ಗೋಡೆಯನ್ನು ದಾಟುವುದೂ ಸುಲಭವಲ್ಲ. ಟರ್ಬೈನಿನೊಳಗೆ ಒತ್ತಡ ತಟ್ಟನೆ ಇಳಿದು ಮರಿಯ ಗಾಳಿಚೀಲ ಒಡೆಯಬಹುದು. ಕೋಡಿಯಿಂದ ಧುಮುಕಿದರೆ ಆ ಅಪಾಯ ಕಡಿಮೆ. ಆದರೆ ಬಹಳ ನೀರು ಧುಮುಕಿದಾಗ ಅದರಲ್ಲಿ ಗಾಳಿ ಅತಿಯಾಗಿ ಕರಗಿ, ಮೀನಿನ ರಕ್ತದಲ್ಲಿ ಗುಳ್ಳೆಗಳೇಳುತ್ತವೆ. ಹಾಗಾಗಿ ಟರ್ಬೈನಿನ ಬಾಯಿಗೆ ಜಾಲರಿ ಕಟ್ಟಿದ್ದಾರೆ. ಎಷ್ಟೋ ಮರಿಗಳನ್ನು ದೋಣಿಗೆ ತುಂಬಿ ಬಾನವಿಲ್ ಕೆಳಗೆ ಬಿಡುತ್ತಾರೆ. ನದಿಯಲ್ಲೇ ಹುಟ್ಟಿದ ಮೀನಿಗೆ ದೋಣಿಯ ಸವಾರಿ!

ಇಷ್ಟಾದರೂ 1992ರಲ್ಲಿ ರೆಡ್‌ಫಿಶ್ ಸರೋವರಕ್ಕೆ ಮರಳಿದ ಸಾಕೈ ಒಂದೇ ಒಂದು. 'ಒಂಟಿ ಲ್ಯಾರಿ' ಎಂದು ಜನ ಅದಕ್ಕೆ ಹೆಸರಿಟ್ಟರು. ಆ ಗಂಡುಮೀನಿನ ವೀರ್ಯವನ್ನು ಬಳಸಿ ಕೃತಕವಾಗಿ ಮರಿ ಮಾಡಿಸಿ, ಸಂತತಿ ಅಳಿಯದಂತೆ ನೋಡಿಕೊಂಡರು.

ಈ ಅಣೆಕಟ್ಟುಗಳು ವಿದ್ಯುತ್ ಕೊಡುತ್ತವೆ. ಗೋಧಿ ಸಾಗಿಸುವ ದೋಣಿಗಳು ಐಡಹೊವರೆಗೆ ಬರಲು ನೆರವಾಗಿವೆ. ಆದ್ದರಿಂದಲೇ ಸ್ನೇಕ್ ನದಿಯ ನಾಲ್ಕನ್ನು ಕೆಡವಬೇಕೇ ಎಂಬ ವಾದ ದಶಕಗಳಿಂದ ನಡೆದಿದೆ. ಅತ್ತ ದಕ್ಷಿಣದ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸಾಲ್ಮನ್‌ಗಳು ಶತಮಾನದ ಬಳಿಕ ಮೇಲ್ದಂಡೆಯ ತೊರೆಗಳಿಗೆ ಮರಳಿದವು. ಅವುಗಳ ಮರಿಗಳ ಮುಂದೆ ಈಗ ಆ ನಾಲ್ಕು ಗೋಡೆಗಳಿಲ್ಲ.

ಬಾನವಿಲ್‌ನ ಕಿಟಕಿಯಲ್ಲಿ ಕಾಣುವ ಪ್ರತಿಯೊಂದು ದೊಡ್ಡ ಮೀನೂ ಹಿಂದೊಮ್ಮೆ ಮರಿಯಾಗಿ ಇದೇ ಗೋಡೆ ದಾಟಿ ಬದುಕುಳಿದದ್ದು. ದಾಟಲಾಗದವು ಆ ಎಣಿಕೆಗೆ ಸಿಗುವುದೇ ಇಲ್ಲ.