ಕಾಲು ನೆಲಕ್ಕೆ ತಾಗುವ ಕುರ್ಚಿ

ಅರವತ್ತಕ್ಕೆ ಅರಳು ಮರಳು ಎಂದು ಕನ್ನಡದಲ್ಲಿ ಹೇಳುತ್ತೇವೆ. ಉರ್ದುವಿನಲ್ಲಿ ‘ಸಠಿಯಾ ಗಯೇ’ ಎನ್ನುತ್ತಾರೆ. ಸಾಠ್ ಎಂದರೆ ಅರವತ್ತು. ಎರಡು ಭಾಷೆಗಳೂ ಒಂದೇ ವಯಸ್ಸಿನತ್ತ ಬೆರಳು ತೋರಿಸಿ, ನಕ್ಕು, ಸುಮ್ಮನಾಗಿಬಿಟ್ಟಿವೆ. ಆ ನಗೆಯ ಹಿಂದೆ ಒಂದು ಕಾಯಿಲೆ ಇದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ ತನ್ನ ರೋಗಿಯೊಬ್ಬಳ ಮೆದುಳಿನಲ್ಲಿ ಕಂಡದ್ದನ್ನು ವೈದ್ಯರ ಸಭೆಯ ಮುಂದಿಟ್ಟಾಗ ಅದರ ಒಂದು ಮುಖ್ಯ ರೂಪ ಲೋಕಕ್ಕೆ ಗೊತ್ತಾಯಿತು. ಆಸ್ಪತ್ರೆಗೆ ಸೇರಿದಾಗ ಆ ಹೆಂಗಸಿಗೆ ಕೇವಲ 51 ವರ್ಷ. ಅಂದರೆ ಇದು ಅರವತ್ತರ ತಮಾಷೆಯಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನಕ್ಕೆ ಈ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು ಎಂದೂ ಅದು ಹೇಳಿತು.

ಆ ಲೆಕ್ಕದಲ್ಲಿ ನನ್ನ ಅಮ್ಮಿಯೂ ಒಬ್ಬರು. ಸಿರುಗುಪ್ಪದಲ್ಲಿ ಭತ್ತದ ಗದ್ದೆಗಳ ಮಗ್ಗುಲಲ್ಲಿ ಬದುಕು ಕಳೆದವರು. ಈಗ ಬಳ್ಳಾರಿಯಲ್ಲಿ ನಮ್ಮ ಜೊತೆ ಇದ್ದಾರೆ. ಸಂಜೆಯಾದರೆ ಸಾಕು, ಸೆರಗು ತಲೆಗೆ ಎಳೆದುಕೊಂಡು ಎದ್ದು ನಿಲ್ಲುತ್ತಾರೆ. “ಚಲೋ ಬೇಟಾ, ಘರ್ ಕೋ ಜಾಯೇಂಗೆ” ಎನ್ನುತ್ತಾರೆ. ಇದೇ ನಿಮ್ಮ ಮನೆ ಎಂದರೆ ಒಪ್ಪುವುದಿಲ್ಲ. ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ಹೀಗಿರುವಾಗ ನಮ್ಮ ಕೈಯಲ್ಲಿ ಉಳಿಯುವುದು ಏನು? ಅವರು ಕೂರುವ ಕುರ್ಚಿ, ಮಲಗುವ ಮಂಚ, ತೆರೆಯುವ ಕಪಾಟು. ಇಷ್ಟು ಸಣ್ಣ ವಸ್ತುಗಳ ಬಗ್ಗೆ ಯೋಚಿಸುತ್ತಾ ಹೋದಂತೆ ಇವು ಸಣ್ಣವಲ್ಲ ಎನ್ನಿಸಿತು.

ಮರೆವಿನ ಕಾಯಿಲೆ ಎಂದರೆ ಹೆಸರು, ಮುಖ ಮರೆಯುವುದಷ್ಟೇ ಅಲ್ಲ. ಕಣ್ಣು ಕಂಡದ್ದನ್ನು ಮೆದುಳು ತಪ್ಪಾಗಿ ಓದತೊಡಗುತ್ತದೆ. ಹೊಳೆಯುವ ಟೈಲ್ಸ್ ನೀರು ನಿಂತಂತೆ ಕಾಣುತ್ತದೆ. ಬಾಗಿಲಲ್ಲಿ ಹಾಸಿದ ಕಪ್ಪು ಚಾಪೆ ಗುಂಡಿಯಂತೆ ಕಂಡು ಕಾಲು ಹಿಂದೆ ಸರಿಯುತ್ತದೆ. ಬಿಳಿ ನೆಲದ ಮೇಲಿನ ಬಿಳಿ ಕುರ್ಚಿ ಕಣ್ಣಿಗೇ ಬೀಳುವುದಿಲ್ಲ, ಕೂರಲು ಹೋದವರು ಪಕ್ಕಕ್ಕೆ ಕುಸಿಯುತ್ತಾರೆ. ಬಾಸ್ಟನ್‌ನಲ್ಲಿ ಈ ರೋಗಿಗಳಿಗೆ ಬಿಳಿ ತಟ್ಟೆಯ ಬದಲು ಕೆಂಪು ತಟ್ಟೆಯಲ್ಲಿ ಬಡಿಸಿ ನೋಡಿದರು. ಅವರು ತಿನ್ನುವ ಅನ್ನಾಹಾರ ಸುಮಾರು ಕಾಲುಭಾಗ ಹೆಚ್ಚಾಯಿತೆಂದು 2004ರಲ್ಲಿ ವರದಿಯಾಯಿತು. ಹಸಿವು ಅದೇ, ಅಡಿಗೆಯೂ ಅದೇ. ಕಾಣದ್ದು ಕಂಡಿತು, ಅಷ್ಟೆ.

ಕುರ್ಚಿ ಮಾಡಿಸಲೆಂದು ನಾನು ಹೋದದ್ದು ಕುರುಗೋಡಿಗೆ. ದೊಡ್ಡ ಬಸವೇಶ್ವರನ ಊರಲ್ಲಿ ನನಗೆ ಗುರುತಿನ ಹಿರಿಯ ಬಡಿಗರೊಬ್ಬರಿದ್ದಾರೆ. ಮರದ ಮಾತು ಬರುವ ಮೊದಲೇ ಅವರು ಕೇಳಿದರು: “ಅಮ್ಮಾರು ಕುಂತಾಗ ಕಾಲು ನೆಲಕ್ಕ ಹತ್ತತಾವೇನ್ರಿ? ಅದನ್ನ ಮೊದ್ಲು ಅಳತಿ ಮಾಡ್ಕೊಂಡು ಬರ್ರಿ.” ಮೊಣಕಾಲಿನ ಹಿಂಬದಿಯಿಂದ ನೆಲದವರೆಗೆ ಅಮ್ಮಿಯ ಅಳತೆ 16 ಇಂಚು. ಅಂಗಡಿಯ ಕುರ್ಚಿ 18 ಇಂಚು. ಆ ಎರಡು ಇಂಚಿನಲ್ಲಿ ಒಂದು ಜೀವ ಇಡೀ ದಿನ ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಎಲ್ಲಿದ್ದೇನೆಂದು ಗೊತ್ತಿಲ್ಲದವರಿಗೆ ಕಾಲಡಿಯ ನೆಲವಾದರೂ ಗೊತ್ತಿರಬೇಡವೇ?

ಬಡಿಗರು ಹಳೆಯ ಮನೆಯ ತೊಲೆಯನ್ನು ಸೀಳಿ ಕುರ್ಚಿ ಮಾಡಿಕೊಟ್ಟರು. ಕೈಗಳು ಮುಂದಕ್ಕೆ ಚಾಚಿಕೊಂಡಿವೆ, ಊರಿ ಏಳಲು ಆಸರೆ. ಪ್ಲಾಸ್ಟಿಕ್ ಕುರ್ಚಿ ಹಗುರ, ಊರಿದರೆ ಹಿಂದಕ್ಕೆ ಜಾರುತ್ತದೆ, ಇದು ಅಲುಗುವುದಿಲ್ಲ. ಸೀಟು ಆಳವಿಲ್ಲ, ಮೂಲೆಗಳು ದುಂಡಗಿವೆ. ರೆಕ್ಸಿನ್ ಹಾಕಿಸಿದರೆ ಒರೆಸಲು ಸುಲಭ, ಆದರೆ ಬಳ್ಳಾರಿಯ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಅದು ಚರ್ಮಕ್ಕೆ ಅಂಟುತ್ತದೆ. ಹಾಗಾಗಿ ಒಳಗೆ ನೀರಿಳಿಯದ ಹಾಳೆ, ಮೇಲೆ ತೆಗೆದು ಒಗೆಯಬಹುದಾದ ದಪ್ಪ ಹತ್ತಿ ಬಟ್ಟೆ. ಬಣ್ಣ ಅಚ್ಚ ಕೆಂಪು, ಹೂವಿಲ್ಲ, ಬಳ್ಳಿಯಿಲ್ಲ. ಹೂವಿದ್ದರೆ ಅಮ್ಮಿ ಅದನ್ನು ಕೀಳಲು ಕೂರುತ್ತಾರೆ.

ತೂಗುವ ಕುರ್ಚಿಯ ವಿಷಯವೂ ಬಂತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 1998ರಲ್ಲಿ, ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ತೂಗಿಕೊಂಡ ರೋಗಿಗಳಲ್ಲಿ ಆತಂಕ, ಅಳು ಕಡಿಮೆಯಾದುದನ್ನು ಕಂಡರು. ತೊಟ್ಟಿಲು, ಉಯ್ಯಾಲೆಗಳ ನಮ್ಮ ಸೀಮೆಗೆ ಇದು ಹೊಸತಲ್ಲ. ಆದರೆ ಅಮ್ಮಿ ಬೆಳೆದ ಮನೆಯಲ್ಲಿ ತೂಗುಮಂಚ ಇರಲಿಲ್ಲ. ಅವರದು ನವಾರಿನ ಮಂಚ, ಕೌದಿ, ಜಾನಮಾಜಿನ ಲೋಕ. ಇತ್ತೀಚಿನದು ಮೊದಲು ಅಳಿಸಿಹೋಗಿ ಹಳೆಯದು ಉಳಿಯುವ ಕಾಯಿಲೆ ಇದು. ಆದ್ದರಿಂದ ನೆಮ್ಮದಿಯ ವಸ್ತುವನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಅವರ ಹಿಂದಿನ ಬದುಕಿನಲ್ಲಿ ಹುಡುಕಬೇಕು. ನನ್ನ ಹೆಂಡತಿ ಒಂದು ಕೌದಿ ಹೊಲಿದಳು. ಬಳ್ಳಾರಿ ಜೀನ್ಸ್‌ನ ಊರು, ತುಂಡು ಬಟ್ಟೆಗೇನು ಬರ? ಕೌದಿಯ ಮೇಲೆ ಜೇಬುಗಳು, ಜಿಪ್ಪುಗಳು, ದೊಡ್ಡ ಗುಂಡಿಗಳನ್ನು ಭದ್ರವಾಗಿ ಹೊಲಿದಳು. ಸಂಜೆಯ ಆ ಕಷ್ಟದ ಹೊತ್ತಿನಲ್ಲಿ ಅಮ್ಮಿಯ ಬೆರಳುಗಳಿಗೆ ಕೆಲಸ ಸಿಗುತ್ತದೆ. ವಿದೇಶಗಳ ವೃದ್ಧಾಶ್ರಮಗಳಲ್ಲೂ ಇಂಥದ್ದನ್ನು ಹೊಲಿದುಕೊಡುತ್ತಾರೆ. ನಮ್ಮಲ್ಲಿ ಕೌದಿ ಮೊದಲಿನಿಂದಲೂ ಇತ್ತು, ಜಿಪ್ಪು ಮಾತ್ರ ಹೊಸತು.

ಈ ಕುರ್ಚಿಯನ್ನು ನೋಡಲು ಬಂದ ಬಂಧುವೊಬ್ಬರು ಒಂದು ಪ್ರಶ್ನೆ ಕೇಳಿದರು. ಮುಂದೆ ಒಂದು ಹಲಗೆ ಅಡ್ಡ ಹಾಕಿ ಚಿಲಕ ಇಟ್ಟರೆ ಹೇಗೆ, ಎದ್ದು ಹೋಗುವುದಿಲ್ಲವಲ್ಲ? ಅವರನ್ನು ನಿರ್ದಯಿ ಎನ್ನಲಾರೆ. ಅವರ ತಂದೆ ಒಮ್ಮೆ ರಾತ್ರಿ ಮನೆ ಬಿಟ್ಟು ಕಾಲುವೆಯ ದಂಡೆಗೆ ನಡೆದುಹೋಗಿದ್ದರು. ಅಂದಿನಿಂದ ಗಂಡಹೆಂಡತಿ ನಾಟಿಗೆ ಹೋಗುವಾಗ ಮುದುಕರನ್ನು ಹಳೆಯ ದುಪ್ಪಟ್ಟಾದಿಂದ ಮಂಚಕ್ಕೆ ಕಟ್ಟಿ ಹೋಗುತ್ತಿದ್ದರು. ಕೂಲಿ ಬಿಟ್ಟರೆ ಒಲೆ ಹೊತ್ತುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸಾ ಸಂಸ್ಥೆಗಳಲ್ಲಿ ರೋಗಿಯನ್ನು ಕಟ್ಟಿಹಾಕಲು ಕಠಿಣ ಮಿತಿಗಳನ್ನು ಇಟ್ಟಿದೆ. ಮನೆಯೊಳಗಿನ ದುಪ್ಪಟ್ಟಾವನ್ನು ಯಾವ ಕಾಯ್ದೆ ಬಿಚ್ಚೀತು? ಆರಾಮ ಕೊಡುವ ಕುರ್ಚಿಗೂ ಕಟ್ಟಿಹಾಕುವ ಕುರ್ಚಿಗೂ ನಡುವೆ ಇರುವುದು ಒಂದೇ ಹಲಗೆ. ಆ ಹಲಗೆ ಬೇಡವೆಂದರೆ ಅಲ್ಲಿ ಒಬ್ಬ ಮನುಷ್ಯ ಕೂರಬೇಕು. ಕುರ್ಚಿ ಎಷ್ಟೇ ಚೆನ್ನಾಗಿದ್ದರೂ ಆ ಮನುಷ್ಯನ ಕೆಲಸವನ್ನು ಅದು ಮಾಡಲಾರದು.

ಬೆಂಗಳೂರಿನಲ್ಲಿ 1998ರಿಂದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆ ಹಿರಿಯರಿಗಾಗಿ ದುಡಿಯುತ್ತಾ ಬಂದಿದೆ. ಕರ್ನಾಟಕ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಶುರುಮಾಡಿತು. ಕಾಯಿಲೆಯನ್ನು ಗುರುತಿಸುವ ಕೆಲಸ ಅಲ್ಲಿ ನಡೆಯಲಿ. ಆದರೆ ಹಗಲಿನ ಎಂಟು ಗಂಟೆ ಕಾಯುವ ಕೆಲಸ ಮೊಹಲ್ಲಾದಲ್ಲೇ, ಓಣಿಯಲ್ಲೇ ಆಗಬೇಕು.

ನಮ್ಮ ಮೊಹಲ್ಲಾಗಳಲ್ಲಿ ದಾನಿಗಳಿಗೆ ಕೊರತೆಯಿಲ್ಲ. ಮಯ್ಯತ್ತಿಗೆ ಐಸ್ ಪೆಟ್ಟಿಗೆ ಕೊಡಿಸುತ್ತಾರೆ, ಹೊಸ ಜನಾಜಾ ಮಾಡಿಸುತ್ತಾರೆ, ಹೆಸರು ಬರೆಸುತ್ತಾರೆ. ಒಳ್ಳೆಯ ಕೆಲಸವೇ. ಅದರ ಜೊತೆಗೆ ಒಂದು ಕೋಣೆ, ಹೊಳೆಯದ ನೆಲ, ಹತ್ತು ಕೆಂಪು ಕುರ್ಚಿ, ಎರಡು ನವಾರಿನ ಮಂಚ, ಕಾಯಲು ಸಂಬಳ ಕೊಟ್ಟು ಇಟ್ಟ ಇಬ್ಬರು ಹೆಂಗಸರು. ನಾಟಿಗೆ ಹೋಗುವವರು ಬೆಳಿಗ್ಗೆ ಬಿಟ್ಟು ಸಂಜೆ ಕರೆದೊಯ್ಯಲಿ. ಯಾವ ಜಾತಿಯ ಮುದುಕರೂ ಬರಲಿ, ಮರೆವಿಗೆ ಜಾತಿ ನೆನಪಿರುವುದಿಲ್ಲ. ಕುರುಗೋಡಿನ ಬಡಿಗರು ಕೂಲಿ ಮಾತ್ರ ತೆಗೆದುಕೊಂಡು ಕುರ್ಚಿ ಮಾಡಿಕೊಡುವುದಾಗಿ ಹೇಳಿದ್ದಾರೆ. ಪ್ರತಿಯೊಬ್ಬರ ಕಾಲಿನ ಅಳತೆ ಮಾತ್ರ ನಾವು ಒಯ್ದು ಕೊಡಬೇಕಂತೆ.